ಮರೆಯಲು ಕಲಿತ ಲೆಕ್ಕ

ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿಯೊಳಗಿನ ಆಂತರಿಕ ರೋಧವನ್ನು ನೇರವಾಗಿ ಅಳೆಯುವ ಮಾಪಕ ಗಾಡಿಯಲ್ಲಿ ಇರುವುದಿಲ್ಲ. ಸಿಗುವುದು ವೋಲ್ಟೇಜು ಮತ್ತು ಕರೆಂಟು. ಉಳಿದದ್ದನ್ನು ಲೆಕ್ಕದಿಂದ ಹಿಡಿಯಬೇಕು. ಸುಮ್ಮನಿದ್ದಾಗ 52 ವೋಲ್ಟ್ ಇದ್ದದ್ದು 20 ಆಂಪಿಯರ್ ಎಳೆದಾಗ 50ಕ್ಕೆ ಇಳಿದರೆ ರೋಧ 0.1 ಓಮ್. ಆದರೆ ಈ ಸಂಖ್ಯೆ ಒಂದೇ ಕಡೆ ನಿಲ್ಲುವುದಿಲ್ಲ. ಚಳಿಗೆ ಏರುತ್ತದೆ, ಬ್ಯಾಟರಿ ಬಿಸಿಯಾದರೆ ಇಳಿಯುತ್ತದೆ, ಹಳತಾದಂತೆ ಮತ್ತೆ ಏರುತ್ತದೆ.

ಎಲ್ಲ ಅಳತೆಗಳನ್ನೂ ಮುಂದಿಟ್ಟುಕೊಂಡು ತಪ್ಪುಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವ ಉತ್ತರ ಹುಡುಕುವ ಕನಿಷ್ಠ ವರ್ಗಗಳ ವಿಧಾನವನ್ನು ಗಣಿತಜ್ಞ ಗೌಸ್ 1809ರಲ್ಲೇ, ಆಕಾಶಕಾಯಗಳ ಕಕ್ಷೆಯ ಲೆಕ್ಕಕ್ಕಾಗಿ ವಿವರಿಸಿದ್ದರು. ಆದರೆ ಸೆಕೆಂಡಿಗೊಂದು ಅಳತೆ ಬರುವ ಕಡೆ ಪ್ರತಿಸಲ ಮೊದಲಿನಿಂದ ಲೆಕ್ಕ ಹಾಕುತ್ತ ಕೂರಲಾಗದು. ಸಂಖ್ಯಾಶಾಸ್ತ್ರಜ್ಞ ಪ್ಲಾಕೆಟ್ 1950ರಲ್ಲಿ ತೋರಿಸಿದ ದಾರಿ ಸೊಗಸಾದದ್ದು: ಇರುವ ಅಂದಾಜಿನಿಂದ ಮುಂದಿನ ಅಳತೆಯನ್ನು ಊಹಿಸಿ, ಊಹೆ ಎಷ್ಟು ತಪ್ಪಿತೋ ಅದಕ್ಕೆ ತಕ್ಕಂತೆ ಅಂದಾಜನ್ನು ತಿದ್ದುವುದು. ಹಳೆಯ ಅಳತೆಗಳನ್ನು ಕೂಡಿಡಬೇಕಾಗಿಲ್ಲ.

ಎಲ್ಲ ಅಳತೆಗೂ ಒಂದೇ ತೂಕ ಕೊಟ್ಟರೆ, ಹತ್ತು ಸಾವಿರದ ನಂತರ ಬಂದ ಹೊಸದಕ್ಕೆ ಬೆಲೆಯೇ ಇರದು. ಬ್ಯಾಟರಿ ಬದಲಾದರೂ ಅಂದಾಜು ಜಗ್ಗದು. ಅದಕ್ಕೇ ಮರೆವಿನ ಗುಣಾಂಕ: ಹೊಸ ಅಳತೆ ಬಂದಾಗಲೆಲ್ಲ ಹಳೆಯವುಗಳ ತೂಕವನ್ನು ಅದರಿಂದ ಗುಣಿಸುತ್ತಾರೆ. ಅದು 0.99 ಇದ್ದರೆ, ನೂರು ಅಳತೆ ಹಿಂದಿನದರ ತೂಕ ಶೇ. 37ಕ್ಕೆ ಇಳಿಯುತ್ತದೆ, ಐನೂರು ಹಿಂದಿನದ್ದು ಶೇ. 1ಕ್ಕೂ ಕಡಿಮೆ. ಗುಣಾಂಕವನ್ನು ಇನ್ನೂ ತಗ್ಗಿಸಿದರೆ ಬದಲಾವಣೆ ಬೇಗ ಕಾಣುತ್ತದೆ, ಆದರೆ ಮಾಪಕದ ಸಣ್ಣಪುಟ್ಟ ತಪ್ಪುಗಳೂ ಒಳನುಗ್ಗುತ್ತವೆ.

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಮುಂದಿನ ತೊಡಕು. ಸ್ಕೂಟರು ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುತ್ತಿದೆ ಎನ್ನಿ. ಕರೆಂಟು 20, ವೋಲ್ಟೇಜು 50. ಸುಮ್ಮನಿದ್ದಾಗಿನ ವೋಲ್ಟೇಜು 52 ವೋಲ್ಟ್, ರೋಧ 0.1 ಓಮ್ ಎಂದರೂ ಲೆಕ್ಕ ಕೂಡುತ್ತದೆ. 53 ವೋಲ್ಟ್, 0.15 ಓಮ್ ಎಂದರೂ ಕೂಡುತ್ತದೆ. ಯಾವುದು ನಿಜವೆಂದು ಹೇಳಬಲ್ಲ ಹೊಸ ಮಾಹಿತಿ ಬರುತ್ತಿಲ್ಲ, ಹಳೆಯದು ಮಾತ್ರ ಕರಗುತ್ತಿದೆ. ಗುಣಾಂಕ 0.99 ಆಗಿ, ಸೆಕೆಂಡಿಗೊಂದು ಅಳತೆ ಬರುತ್ತಿದ್ದರೆ, ಅನಿಶ್ಚಿತತೆಯನ್ನು ಸೂಚಿಸುವ ಸಂಖ್ಯೆ ಹತ್ತೇ ನಿಮಿಷದಲ್ಲಿ ಸುಮಾರು 400 ಪಟ್ಟು ಉಬ್ಬುತ್ತದೆ. ಆಮೇಲೆ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಅಂದಾಜು ಎತ್ತೆತ್ತಲೋ ಹಾರಿಬಿಡುತ್ತದೆ.

ಮಾಹಿತಿ ಬಂದಾಗ ಮಾತ್ರ ಮರೆಯುವಂತೆ ಗುಣಾಂಕವನ್ನೇ ಬದಲಾಯಿಸುತ್ತ ಹೋಗುವ ಉಪಾಯವನ್ನು ಫೋರ್ಟೆಸ್ಕ್ಯೂ ಮತ್ತು ಸಂಗಡಿಗರು 1981ರಲ್ಲಿ ಕೊಟ್ಟರು. ಬೇಕೆಂದೇ ಕರೆಂಟನ್ನು ತುಸು ಅಲುಗಿಸಿ ನೋಡುವುದು ಇನ್ನೊಂದು ದಾರಿ. ಆದರೆ ಕರೆಂಟನ್ನು ನಿಭಾಯಿಸುವ ನಿಯಂತ್ರಕದ ಕೆಲಸವೇ ಅಲುಗಾಟ ತಪ್ಪಿಸುವುದು! ಕಲಿಕೆಗೂ ನಿಯಂತ್ರಣಕ್ಕೂ ಇರುವ ಈ ತಿಕ್ಕಾಟವನ್ನು ಸೋವಿಯತ್ ವಿಜ್ಞಾನಿ ಫೆಲ್ಡ್‌ಬಾಮ್ 1960ರ ಸುಮಾರಿಗೆ ದ್ವಿಮುಖ ನಿಯಂತ್ರಣದ ಸಮಸ್ಯೆಯಾಗಿ ಮುಂದಿಟ್ಟರು. ಅದರ ನಿಖರ ಉತ್ತರ ಪುಟ್ಟ ವ್ಯವಸ್ಥೆಗಳಿಗೂ ಬಲು ಭಾರದ ಲೆಕ್ಕ. ಹಾಗಾಗಿ ಸವಾರ ಬ್ರೇಕ್ ಹಿಡಿದು ಮತ್ತೆ ವೇಗ ಏರಿಸುವವರೆಗೆ ಕಾದು, ಕರೆಂಟು ಏರಿಳಿದಾಗಷ್ಟೇ ಅಂದಾಜನ್ನು ತಿದ್ದುವ ಸರಳ ಉಪಾಯವೂ ಬಳಕೆಯಲ್ಲಿದೆ.