ಬೃಹತ್ ಡಿಸ್ಕು ಮತ್ತು ಅಂಕಿಗಳ ಎಲ್ಲೆ

1956ರಲ್ಲಿ ಐಬಿಎಂ ಸಂಸ್ಥೆಯು ಲೋಕದ ಮುಂದಿಟ್ಟ ಪ್ರಥಮ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿನ ಸುತ್ತ ಪರಿಭ್ರಮಿಸುತ್ತಿದ್ದರೂ, ಅವೆಲ್ಲವೂ ಕೂಡಿ ಧರಿಸಬಲ್ಲ ಅಕ್ಷರಗಳ ಸಂಖ್ಯೆ 50 ಲಕ್ಷದಷ್ಟು ಮಾತ್ರ ಇದ್ದಿತು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ದೊರೆಯುವ, ಒಂದು ಕೈಯಲ್ಲಿ ಹಿಡಿಯಬಹುದಾದ 4 ಟೆರಾಬೈಟಿನ ಡಿಸ್ಕು ಅದರ ಎಂಟು ಲಕ್ಷ ಪಟ್ಟನ್ನು ಅಡಗಿಸಿಕೊಳ್ಳುತ್ತದೆ. ಇಷ್ಟು ವಿಸ್ತಾರವಾದ ಸ್ಥಳವನ್ನು ಯೂನಿಕ್ಸ್ ಸಂತತಿಯ ಕಾರ್ಯವ್ಯವಸ್ಥೆಯೊಂದು ಹೇಗೆ ತನ್ನದಾಗಿಸಿಕೊಳ್ಳುತ್ತದೆ ಎಂಬುದನ್ನು, ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸ್ ಪರಂಪರೆಯಿಂದ 1993ರಲ್ಲಿ ಕವಲೊಡೆದ ಫ್ರೀಬಿಎಸ್‌ಡಿಯನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಿಸಬಹುದು.

ಡಿಸ್ಕಿನ ತಟ್ಟೆಯು ಏಕಕೇಂದ್ರ ವರ್ತುಲಗಳಾಗಿಯೂ ಆ ವರ್ತುಲಗಳು ಸೆಕ್ಟರ್ ಎಂಬ ಖಂಡಗಳಾಗಿಯೂ ವಿಭಕ್ತವಾಗಿದ್ದು, ಪ್ರತಿ ಸೆಕ್ಟರಿಗೂ ಒಂದು ಕ್ರಮಸಂಖ್ಯೆ ಉಂಟು. ಆ ಸಂಖ್ಯೆಯಿಂದಲ್ಲದೆ ಬೇರಾವ ಬಗೆಯಿಂದಲೂ ಗಣಕವು ಅದನ್ನು ಅರಿಯದು. ಹಿಂದಿನ ಶಾನುಭೋಗರ ಖಾತೆಯಲ್ಲಿ ಸರ್ವೆ ನಂಬರಿನ ಅಂಕಣಕ್ಕೆ ನಾಲ್ಕೇ ಅಂಕಿಗಳ ಅಗಲಕ್ಕೆ ಗೆರೆಹಾಕಿದ್ದರೆ, ಹತ್ತುಸಾವಿರದನೆಯ ಹೊಲವು ನೆಲದ ಮೇಲೆ ಇದ್ದೂ ಲೆಕ್ಕದಲ್ಲಿ ಇಲ್ಲದಂತಾಗುವುದಷ್ಟೆ. ಡಿಸ್ಕುಗಳ ಚರಿತ್ರೆಯಲ್ಲಿ ಪದೇಪದೇ ಸಂಭವಿಸಿದುದೂ ಇದೇ. ತಯಾರಕರು ಕಾಂತಲೇಪನವನ್ನು ಸೂಕ್ಷ್ಮಗೊಳಿಸಿ ದ್ವಿಗುಣ, ಚತುರ್ಗುಣವಾಗಿ ಸ್ಥಳವನ್ನು ಒದಗಿಸುತ್ತ ಹೋದಂತೆಲ್ಲ, ಗಣಕದ ಲೆಕ್ಕದ ಅಂಕಣವೇ ಸಾಲದೆ, ಮೊದಲು 528 ಮೆಗಾಬೈಟಿನಲ್ಲಿ, ಬಳಿಕ 8.4 ಗಿಗಾಬೈಟಿನಲ್ಲಿ, ಅನಂತರ 137 ಗಿಗಾಬೈಟಿನಲ್ಲಿ ಪ್ರಗತಿಗೆ ತಡೆಯುಂಟಾಯಿತು.

ಇಂದಿಗೂ ಕಾಲಿಗೆ ತೊಡರುವ ಎಲ್ಲೆಯೆಂದರೆ 2.2 ಟೆರಾಬೈಟಿನದು. 1983ರಲ್ಲಿ ಪಿಸಿ ಡಾಸ್‌ನ ಎರಡನೆಯ ಆವೃತ್ತಿಯೊಡನೆ ಬಂದ ಎಂಬಿಆರ್ ಎಂಬ ವಿಭಾಗಪಟ್ಟಿಯು, ಡಿಸ್ಕಿನ ಮೊಟ್ಟಮೊದಲ ಸೆಕ್ಟರಿನ 64 ಬೈಟುಗಳ ಇಕ್ಕಟ್ಟಿನಲ್ಲಿ ನಾಲ್ಕು ವಿಭಾಗಗಳ ವಿವರವನ್ನು ಬರೆದಿಡುತ್ತದೆ. ವಿಭಾಗದ ಆರಂಭಕ್ಕೂ ಉದ್ದಕ್ಕೂ ಅದು ಮೀಸಲಿಟ್ಟುದು ತಲಾ 32 ಬಿಟ್ಟುಗಳನ್ನು ಮಾತ್ರ. ಅಷ್ಟರಿಂದ ಎಣಿಸಬಹುದಾದ ಸೆಕ್ಟರುಗಳು 429 ಕೋಟಿ 49 ಲಕ್ಷ 67 ಸಾವಿರದ 296. ಒಂದೊಂದಕ್ಕೆ 512 ಬೈಟಿನಂತೆ ಗುಣಿಸಿದರೆ ದೊರೆಯುವ ಮೊತ್ತವೇ ಆ 2.2 ಟೆರಾಬೈಟು. ಆದಕಾರಣ 4 ಟೆರಾಬೈಟಿನ ಡಿಸ್ಕನ್ನು ಈ ಪದ್ಧತಿಯಿಂದ ವಿಭಜಿಸಿದವನಿಗೆ ಅದರ ಹೆಚ್ಚುಕಡಿಮೆ ಅರ್ಧಭಾಗ ಕೈಗೆಟುಕದು. ಇದರ ಪರಿಹಾರಾರ್ಥವಾಗಿ ಬಂದ ಜಿಪಿಟಿ ಪದ್ಧತಿಯು ಸಂಖ್ಯೆಗೆ 64 ಬಿಟ್ಟುಗಳನ್ನು ನೀಡುವುದಲ್ಲದೆ, ಸಾಮಾನ್ಯವಾಗಿ 128 ವಿಭಾಗಗಳಿಗೆ ಎಡೆಮಾಡಿ, ಪಟ್ಟಿಯ ಇನ್ನೊಂದು ನಕಲನ್ನು ಡಿಸ್ಕಿನ ಕಟ್ಟಕಡೆಯಲ್ಲಿಯೂ ಇರಿಸುತ್ತದೆ. ಆದಿಯ ಪಟ್ಟಿ ಕೆಟ್ಟರೆ ಅಂತ್ಯದ ನಕಲಿನಿಂದ ಅದನ್ನು ಪುನಃ ಬರೆಯಲು ಫ್ರೀಬಿಎಸ್‌ಡಿಯ ‘ಜಿಪಾರ್ಟ್’ ಆಜ್ಞೆ ಸಮರ್ಥವಾಗಿದೆ; ವಿಭಜನೆಯ ಕಾರ್ಯವೆಲ್ಲವೂ ಅದರದೇ.

ವಿಭಾಗವು ಎಲ್ಲಿಂದ ಆರಂಭವಾಗಬೇಕೆಂಬುದೂ ಉಪೇಕ್ಷಣೀಯವಲ್ಲ. ಇತ್ತೀಚಿನ ಬೃಹತ್ ಡಿಸ್ಕುಗಳು ತಮ್ಮೊಳಗೆ 4096 ಬೈಟಿನ ಸೆಕ್ಟರುಗಳನ್ನು ಬರೆಯುತ್ತಿದ್ದರೂ, ಹಳೆಯ ತಂತ್ರಾಂಶಗಳಿಗೆ ಅಡಚಣೆಯಾಗದಿರಲೆಂದು ಅವು 512 ಬೈಟಿನವೆಂದೇ ಹೊರಗೆ ಹೇಳಿಕೊಳ್ಳುವುದು ಸಾಮಾನ್ಯ. ಡಾಸ್ ಕಾಲದ ರೂಢಿಯಂತೆ 63ನೆಯ ಸಂಖ್ಯೆಯ ಸೆಕ್ಟರಿನಿಂದ ತೊಡಗಿದರೆ, 512 ಬೈಟಿನ ಎಂಟು ಸೆಕ್ಟರುಗಳು ಕೂಡಿ ನಿಜವಾದ ಒಂದು ಸೆಕ್ಟರಾಗುವುದರಿಂದಲೂ 63 ಎಂಟರಿಂದ ನಿಶ್ಶೇಷವಾಗಿ ಭಾಗವಾಗದಾದ್ದರಿಂದಲೂ, ಕಡತದ ಖಂಡಗಳು ನಿಜವಾದ ಸೆಕ್ಟರುಗಳ ಗಡಿಯನ್ನು ದಾಟಿ ಕೂರುತ್ತವೆ. ಆಗ ಡಿಸ್ಕು ಮೊದಲಿದ್ದುದನ್ನು ಓದಿ, ತಿದ್ದಿ, ತಟ್ಟೆ ಮತ್ತೊಂದು ಸುತ್ತು ಬರುವತನಕ ಕಾದು, ಅನಂತರ ಬರೆಯಬೇಕಾಗುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿನಲ್ಲಿ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಲ ಬೇಕು. ಅಲ್ಪವೆಂದು ತೋರುವ ಈ ವಿಳಂಬವು ಹತ್ತು ಲಕ್ಷ ಬಾರಿ ಒದಗಿದರೆ ಎರಡು ಗಂಟೆಗಳನ್ನು ಮೀರುವುದು. ವಿಭಾಗವನ್ನು 2048ನೆಯ ಸೆಕ್ಟರಿನಿಂದ ಆರಂಭಿಸುವ ಇಂದಿನ ರೂಢಿಯ ಮರ್ಮ ಇದೇ.

ಎಲ್ಲೆಕಟ್ಟಿದ ವಿಭಾಗದಲ್ಲಿ ಯುಎಫ್‌ಎಸ್ ಎಂಬ ಕಡತವ್ಯವಸ್ಥೆಯನ್ನು ರಚಿಸುವ ಭಾರ ‘ನ್ಯೂಎಫ್‌ಎಸ್’ ಆಜ್ಞೆಯದು. ಈ ವ್ಯವಸ್ಥೆಯ ಮೂಲವನ್ನು 1980ರ ದಶಕದ ಆರಂಭದಲ್ಲಿ ಬರ್ಕ್ಲಿಯ ಮಾರ್ಷಲ್ ಕರ್ಕ್ ಮೆಕ್ಯೂಸಿಕ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ಅದಕ್ಕೆ ಮೊದಲು ಕಡತಗಳ ವಿವರ ಒಂದೆಡೆಯೂ ಅವುಗಳ ತಿರುಳು ಇನ್ನೆಲ್ಲೋ ಚದುರಿಯೂ ಇರುತ್ತಿದ್ದುದರಿಂದ, ಓದುವ ಹೆಡ್ಡು ಅತ್ತಿಂದಿತ್ತ ಅಲೆಯುವುದರಲ್ಲಿಯೇ ಕಾಲ ಕಳೆಯುತ್ತಿತ್ತು. ಇವರು ಡಿಸ್ಕನ್ನು ಗುಂಪುಗುಂಪಾಗಿ ವಿಂಗಡಿಸಿ, ಸಂಬಂಧಪಟ್ಟವನ್ನೆಲ್ಲ ಒಂದೇ ಗುಂಪಿನೊಳಗೆ ಸಮೀಪದಲ್ಲಿರಿಸಿ, ಹಿಂದಿನದರ ಹತ್ತರಷ್ಟರವರೆಗೆ ವೇಗವನ್ನು ಸಾಧಿಸಿದರು. ಸ್ಥಳ ಪೂರ್ತಿ ತುಂಬಿದರೆ ಈ ಸಾಮೀಪ್ಯವನ್ನು ಕಾಪಾಡಲಾಗದಾದ್ದರಿಂದ, ಬೇರೆ ರೀತಿ ವಿಧಿಸದ ಹೊರತು ನೂರಕ್ಕೆ ಎಂಟು ಪಾಲನ್ನು ಫ್ರೀಬಿಎಸ್‌ಡಿ ಸಾಮಾನ್ಯ ಬಳಕೆದಾರರಿಗೆ ಬಿಟ್ಟುಕೊಡದು. ಅಂಕಣದ ತೊಡಕು ಇಲ್ಲಿಯೂ ತಪ್ಪಲಿಲ್ಲ: ಖಂಡಗಳ ಸಂಖ್ಯೆಗೆ 32ರ ಬದಲು 64 ಬಿಟ್ಟುಗಳನ್ನು ಕೊಟ್ಟ ಯುಎಫ್‌ಎಸ್2 ಎಂಬ ಪರಿಷ್ಕೃತ ರೂಪ 2003ರಲ್ಲಿ ಫ್ರೀಬಿಎಸ್‌ಡಿಯ 5.0 ಆವೃತ್ತಿಯೊಡನೆ ಬಂದಿತು. 4 ಟೆರಾಬೈಟಿಗೆ ಹಣ ತೆತ್ತವನು ತೆರೆಯ ಮೇಲೆ 3.6 ಎಂಬ ಅಂಕಿಯನ್ನು ಕಂಡು ಬೆರಗಾಗುವುದುಂಟು. ಮಾರುವವನು 1000ದಿಂದಲೂ ಗಣಕವು 1024ರಿಂದಲೂ ಲೆಕ್ಕಹಾಕುವುದೇ ಅದಕ್ಕೆ ಕಾರಣ.

ಕಡೆಯ ಹೆಜ್ಜೆ ‘ಮೌಂಟ್’. ಯೂನಿಕ್ಸಿನಲ್ಲಿ ಪ್ರತಿ ಡಿಸ್ಕಿಗೂ ಪ್ರತ್ಯೇಕವಾದ ಅಕ್ಷರನಾಮವಿಲ್ಲ. ಹೊಸ ಡಿಸ್ಕು ಏಕಮಾತ್ರ ಕಡತವೃಕ್ಷದ ಯಾವುದೋ ಕೊಂಬೆಯಾಗಿ ಸೇರಿಕೊಳ್ಳುತ್ತದೆ, ಗಣಕ ಎದ್ದಾಗಲೆಲ್ಲ ಹಾಗೆ ಸೇರಿಕೊಳ್ಳಬೇಕೆಂಬ ಆದೇಶ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿ ಒಂದು ಸಾಲಾಗಿರುತ್ತದೆ. ಕೇಬಲುಗಳ ಸ್ಥಾನ ಬದಲಾದರೆ ಡಿಸ್ಕಿನ ಸಂಖ್ಯೆಯೂ ಬದಲಾಗಬಹುದಾದ್ದರಿಂದ, ಜಿಪಿಟಿಯಲ್ಲಿ ವಿಭಾಗಕ್ಕಿಟ್ಟ ಹೆಸರನ್ನೇ ಆ ಸಾಲಿನಲ್ಲಿ ಬರೆಯುವುದು ಕ್ಷೇಮಕರ.

ಯುಎಫ್‌ಎಸ್ ವಿಭಾಗವನ್ನು ಮುಂದೆ ಹಿಗ್ಗಿಸಬಹುದಲ್ಲದೆ ಕುಗ್ಗಿಸಲಾಗದು. ತಪ್ಪಾದ ಸೆಕ್ಟರಿನಿಂದ ತೊಡಗಿದುದನ್ನು ಸರಿಪಡಿಸಬೇಕಾದರೆ ತುಂಬಿದ ದತ್ತವನ್ನೆಲ್ಲ ಬೇರೆಡೆಗೆ ಸಾಗಿಸಿ ಮೊದಲಿನಿಂದ ಆರಂಭಿಸುವುದೇ ಸಾಮಾನ್ಯವಾಗಿ ಉಳಿಯುವ ದಾರಿ. ಆದ್ದರಿಂದ ಓದುಗರು ಬೃಹತ್ ಡಿಸ್ಕನ್ನು ಅಣಿಗೊಳಿಸುವಾಗ ಅವಸರವನ್ನು ಬದಿಗಿರಿಸಿ, ತಾವು ಆಜ್ಞೆಯಲ್ಲಿ ಬರೆದ ಡಿಸ್ಕಿನ ಹೆಸರನ್ನು ಎರಡು ಬಾರಿ ಓದಿ, ಆಮೇಲೆ ಮುಂದುವರಿಯಬೇಕು.