ಬೆಟ್ಟದ ಮಣ್ಣು, ಬಯಲಿನ ಎರೆ: ಎತ್ತರದೊಂದಿಗೆ ಬದಲಾಗುವ ಬ್ಯಾಕ್ಟೀರಿಯಾ ಲೋಕ

ಸಹ್ಯಾದ್ರಿಯ ಭೀಮಾಶಂಕರದ ದಟ್ಟ ಕಾಡಿನಲ್ಲಿ ಹುಟ್ಟುವ ಭೀಮಾ ನದಿಯು ಪಂಢರಪುರವನ್ನು ಹಾದು, ಸೊಲ್ಲಾಪುರ ಜಿಲ್ಲೆಯ ಬಯಲನ್ನು ದಾಟಿ ಕರ್ನಾಟಕವನ್ನು ಸೇರುತ್ತದೆ. ಉಗಮದ ನೆಲವು ಹಸಿರು, ತಂಪು, ಭಾರಿ ಮಳೆಯ ಮಲೆನಾಡು. ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ನಮ್ಮ ಸೊಲ್ಲಾಪುರ, ಅಕ್ಕಲಕೋಟದ ನೆಲವಾದರೋ ಬಿಸಿಲು ಕಾದ ಎರೆಭೂಮಿ. ಮರಗಿಡಗಳ ವ್ಯತ್ಯಾಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಕಾಲಡಿಯ ಮಣ್ಣಿನಲ್ಲಿ ಇನ್ನೊಂದು ಲೋಕವಿದೆ. ಒಂದು ಗ್ರಾಂ ಮಣ್ಣಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ನೆಲದ ಎತ್ತರ ಬದಲಾದಂತೆ ಅವೂ ಬದಲಾಗುತ್ತವೆಯೇ?

1802ರಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ದಕ್ಷಿಣ ಅಮೆರಿಕದ ಚಿಂಬೊರಾಝೊ ಪರ್ವತವನ್ನೇರುತ್ತ, ಎತ್ತರಕ್ಕೆ ತಕ್ಕಂತೆ ಸಸ್ಯಗಳು ಪಟ್ಟಿಪಟ್ಟಿಯಾಗಿ ಬದಲಾಗುವುದನ್ನು ದಾಖಲಿಸಿದರು. ಪ್ರತಿ ಸಾವಿರ ಮೀಟರಿಗೆ ಉಷ್ಣತೆಯು ಸುಮಾರು 6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಅದರೊಂದಿಗೆ ಸಾಮಾನ್ಯವಾಗಿ ಸಸ್ಯಪ್ರಭೇದಗಳ ಸಂಖ್ಯೆಯೂ ಇಳಿಯುತ್ತದೆ. ಬ್ಯಾಕ್ಟೀರಿಯಾಗಳೂ ಈ ನಿಯಮವನ್ನೇ ಪಾಲಿಸುತ್ತವೆಯೇ ಎಂಬುದನ್ನು ಬಹುಕಾಲ ಪರೀಕ್ಷಿಸಲಾಗಲಿಲ್ಲ. ಏಕೆಂದರೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ. ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು ಓದುವ ವಿಧಾನ ಬಂದ ಮೇಲಷ್ಟೇ ಈ ಲೆಕ್ಕ ಸಾಧ್ಯವಾಯಿತು.

ದೊರೆತ ಉತ್ತರಗಳು ಒಂದೇ ಬಗೆಯಾಗಿರಲಿಲ್ಲ. ಪೆರು ದೇಶದ ಆಂಡಿಸ್ ಇಳಿಜಾರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು, ಎತ್ತರ ಹೆಚ್ಚಿದಂತೆ ಬ್ಯಾಕ್ಟೀರಿಯಾ ವೈವಿಧ್ಯ ಕಡಿಮೆಯಾಗುವ ಕುರುಹು ಇಲ್ಲವೆಂದಿತು. ಜಪಾನಿನ ಫ್ಯೂಜಿ ಪರ್ವತದಲ್ಲಿ ನಡುವಣ ಎತ್ತರದಲ್ಲಿ ವೈವಿಧ್ಯ ಹೆಚ್ಚಾಗಿ ಕಂಡಿತು. ಚೀನಾದ ಚಾಂಗ್‌ಬಾಯ್ ಪರ್ವತದಲ್ಲಿ ಎತ್ತರಕ್ಕಿಂತ ಮಣ್ಣಿನ ರಸಸಾರವೇ ನಿರ್ಣಾಯಕವೆಂದು ತಿಳಿಯಿತು. 2018ರಲ್ಲಿ ಪೆರುವಿನಿಂದಲೇ ಬಂದ ಇನ್ನೊಂದು ಅಧ್ಯಯನವು ಸಸ್ಯಗಳಂತೆ ಬ್ಯಾಕ್ಟೀರಿಯಾಗಳೂ ಉಷ್ಣತೆಯನ್ನು ಅನುಸರಿಸುತ್ತವೆ ಎಂದಿತು.

ಈ ಭಿನ್ನಾಭಿಪ್ರಾಯದ ಮರ್ಮವೇನು? ಎತ್ತರವೆಂಬುದು ಸ್ವತಃ ಒಂದು ಕಾರಣವಲ್ಲ. ಹಲವು ಕಾರಣಗಳನ್ನು ಕಟ್ಟಿದ ಹೊರೆ. ಅದರೊಳಗೆ ಉಷ್ಣತೆ, ಮಳೆ, ತರಗೆಲೆ, ಮಣ್ಣಿನ ಆಳ, ರಸಸಾರ ಎಲ್ಲವೂ ಅಡಗಿವೆ. ಉಷ್ಣತೆಯು ಕ್ರಮವಾಗಿ ಇಳಿಯುತ್ತದೆ, ಉಳಿದವು ಪರ್ವತದಿಂದ ಪರ್ವತಕ್ಕೆ ತಮ್ಮದೇ ದಾರಿ ಹಿಡಿಯುತ್ತವೆ. ನೋವಾ ಫಿಯರರ್ ಮತ್ತು ರಾಬರ್ಟ್ ಜಾಕ್ಸನ್ ಅವರು ಉತ್ತರ ಹಾಗೂ ದಕ್ಷಿಣ ಅಮೆರಿಕದ 98 ಮಣ್ಣುಗಳನ್ನು ಪರೀಕ್ಷಿಸಿ 2006ರಲ್ಲಿ ಹೇಳಿದ ಮಾತು ಇಲ್ಲಿ ಮುಖ್ಯವಾಗುತ್ತದೆ: ಬ್ಯಾಕ್ಟೀರಿಯಾ ವೈವಿಧ್ಯವನ್ನು ಅತ್ಯಂತ ಚೆನ್ನಾಗಿ ಸೂಚಿಸುವುದು ರಸಸಾರ. ತಟಸ್ಥ ಮಣ್ಣಿನಲ್ಲಿ ವೈವಿಧ್ಯ ಹೆಚ್ಚು, ಆಮ್ಲೀಯ ಮಣ್ಣಿನಲ್ಲಿ ಕಡಿಮೆ.

ರಸಸಾರವೆಂದರೆ ಪಿ.ಎಚ್. ಅದು 7 ಇದ್ದರೆ ಮಣ್ಣು ತಟಸ್ಥ. ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. ಒಂದು ಅಂಕದ ವ್ಯತ್ಯಾಸವೆಂದರೆ ಹತ್ತು ಪಟ್ಟು. ಸಹ್ಯಾದ್ರಿಯ ಭಾರಿ ಮಳೆಯು ಮಣ್ಣಿನ ಸುಣ್ಣದ ಅಂಶವನ್ನು ತೊಳೆದೊಯ್ಯುತ್ತದೆ. ಕೊಳೆಯುವ ಎಲೆಗಳು ಆಮ್ಲಗಳನ್ನು ಬಿಡುತ್ತವೆ. ಆದ್ದರಿಂದ ಅಲ್ಲಿಯ ಕಾಡಿನ ಮಣ್ಣು ಸಾಮಾನ್ಯವಾಗಿ ಆಮ್ಲೀಯ. ನಮ್ಮಲ್ಲಿ ಮಳೆ ಕಡಿಮೆ. ಕರಿಕಲ್ಲು ಕರಗಿ ಬಂದ ಸುಣ್ಣ ಮಣ್ಣಿನಲ್ಲಿಯೇ ಉಳಿದು ಹರಳುಗಟ್ಟುತ್ತದೆ. ಎರೆಯ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು. ಆಮ್ಲೀಯ ಕಾಡುಮಣ್ಣಿನಲ್ಲಿ ಆಸಿಡೊಬ್ಯಾಕ್ಟೀರಿಯಾ ಗುಂಪು ಹೆಚ್ಚು. ಒಣ, ಕ್ಷಾರೀಯ ನೆಲದಲ್ಲಿ ಬರ ತಾಳಬಲ್ಲ ಆಕ್ಟಿನೊಬ್ಯಾಕ್ಟೀರಿಯಾಗಳದ್ದೇ ಬಲ. ಮೊದಲ ಮಳೆಗೆ ಹೊಲದಿಂದೇಳುವ ಮಣ್ಣಿನ ಘಮವು ಈ ಗುಂಪಿನ ಸ್ಟ್ರೆಪ್ಟೊಮೈಸಿಸ್‌ನಂಥ ಜೀವಿಗಳು ತಯಾರಿಸುವ ಜಿಯೊಸ್ಮಿನ್ ಎಂಬ ವಸ್ತುವಿನದು.

ಎತ್ತರದ ಪಾಠವನ್ನು ನಮ್ಮ ಸೀಮೆಯಲ್ಲಿಯೂ ಕಾಣಬಹುದು. ನಳದುರ್ಗದ ಕೋಟೆಯನ್ನು ಬಳಸಿ ಅಕ್ಕಲಕೋಟ ತಾಲೂಕಿಗೆ ಬರುವ ಬೋರಿ ನದಿಯ ಗುಂಟ ನಡೆದರೆ ಮೇಲೆ ಕಲ್ಲುಮಿಶ್ರಿತ ಮಡ್ಡಿ, ಕೆಳಗೆ ಆಳವಾದ ಎರೆ. ಅಂತರ ಅಲ್ಪವಾದರೂ ಮಡ್ಡಿಯ ತೇವ ಬೇಗ ಆರುತ್ತದೆ. ಎರೆಯು ಅದನ್ನು ಹಿಂಗಾರಿ ಜೋಳಕ್ಕಾಗಿ ಹಿಡಿದಿಡುತ್ತದೆ. ತೇವ ಬೇರೆಯಾದಲ್ಲಿ ಸೂಕ್ಷ್ಮಜೀವಿಗಳ ಬಾಳೂ ಬೇರೆ.

ರೈತನಿಗೆ ಇದರಿಂದ ಪ್ರಯೋಜನವುಂಟು. ಬೆಟ್ಟದ ಕಾಡಿನ ಮಣ್ಣು ಫಲವತ್ತೆಂದು ಅಲ್ಲಿಂದ ತಂದು ಎರೆಗೆ ಬೆರೆಸಿದರೆ ಆ ಜೀವಿಗಳು ಇಲ್ಲಿ ನೆಲೆಯೂರುತ್ತವೆಂಬ ಭರವಸೆಯಿಲ್ಲ. ಜೀವಾಣು ಗೊಬ್ಬರದ ಪೊಟ್ಟಣವನ್ನೂ ಬೆಳೆ ನೋಡಿಯೇ ಕೊಳ್ಳಬೇಕು: ಕಡಲೆಯ ಬೇರಿನಲ್ಲಿ ಗಂಟು ಕಟ್ಟುವ ರೈಜೋಬಿಯಂ ಬೇರೆ, ತೊಗರಿಯದು ಬೇರೆ. ಎಲ್ಲಕ್ಕಿಂತ ಮಿಗಿಲಾಗಿ, ಇಲ್ಲಿಯ ಬ್ಯಾಕ್ಟೀರಿಯಾಗಳಿಗೆ ಆಹಾರ ಉಳಿಯಬೇಕು. ಕಾಡು ತನ್ನ ತರಗೆಲೆಯನ್ನು ಸುಡುವುದಿಲ್ಲ. ನಾವು ಕಬ್ಬಿನ ರವದಿಗೆ ಬೆಂಕಿಯಿಡುತ್ತೇವೆ. ಹಾಗೆ ಮಣ್ಣಿಗೆ ಸೇರಬೇಕಾದ ಇಂಗಾಲವು ಹೊಗೆಯಾಗಿ ಹೋಗುತ್ತದೆ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಬ್ಯಾಕ್ಟೀರಿಯಾಗಳ ಎಣಿಕೆ ಅದರಲ್ಲಿಲ್ಲ. ಆದರೆ ಅವುಗಳ ಬಾಳನ್ನು ನಿರ್ಧರಿಸುವ ರಸಸಾರ ಮತ್ತು ಸಾವಯವ ಇಂಗಾಲ ಎರಡೂ ಇವೆ. ಮಹಾರಾಷ್ಟ್ರದಲ್ಲಿ ಕಾರ್ಡು ಮರಾಠಿಯಲ್ಲಿ ಬರುತ್ತದೆ. ಅದರಲ್ಲಿ ‘ಸಾಮೂ’ ಎಂದರೆ ರಸಸಾರ, ‘ಸೇಂದ್ರಿಯ ಕರ್ಬ’ ಎಂದರೆ ಸಾವಯವ ಇಂಗಾಲ. ಈ ಎರಡು ಪದ ತಿಳಿಯದಿದ್ದರೆ ಕನ್ನಡ ಬಲ್ಲ ರೈತನ ಮನೆಯಲ್ಲಿ ಆ ಕಾರ್ಡು ಬರಿಯ ಕಾಗದ. ಕನ್ನಡಿಗರು ಹೆಚ್ಚಾಗಿರುವ ಗ್ರಾಮಗಳಲ್ಲಿ ಕಾರ್ಡನ್ನು ಕನ್ನಡದಲ್ಲಿಯೂ ಕೊಡಬೇಕೆಂದು ಗ್ರಾಮಸಭೆಗಳು ಠರಾವು ಮಾಡಿ ಕೇಳುವುದು ನ್ಯಾಯವಾದುದು.

ಅಲ್ಲಿಯವರೆಗೆ ನಮ್ಮ ಕನ್ನಡ ಶಾಲೆಗಳು ಸುಮ್ಮನಿರಬೇಕಿಲ್ಲ. ಮಕ್ಕಳು ಮನೆಯ ಕಾರ್ಡನ್ನು ತರಗತಿಗೆ ತರಲಿ. ಮಡ್ಡಿ ಮತ್ತು ಎರೆಯ ಅಂಕಗಳನ್ನು ಹೋಲಿಸಲಿ. ಹೊಲದ ಸುಣ್ಣದ ಹರಳಿನ ಮೇಲೆ ವಿನೆಗರ್ ಹನಿಸಿದರೆ ನೊರೆ ಉಕ್ಕುವುದನ್ನು ಕಣ್ಣಾರೆ ನೋಡಲಿ. ರಸಸಾರವೆಂಬ ಪದವನ್ನು ಹೀಗೆ ಕಲಿತ ಮಗು ಸಂಜೆ ಮನೆಯಲ್ಲಿ ಅಪ್ಪನಿಗೆ ಆ ಕಾರ್ಡನ್ನು ಓದಿ ಹೇಳಬಲ್ಲದು.