ನಾಯಿಯ ವಾಯುವಿಹಾರ: ಅವಸರ ಬೇಡ, ಮೂಗಿಗೆ ಬಿಡುವು ಕೊಡಿ

ಬೆಂಗಳೂರಿನ ಮಲ್ಲೇಶ್ವರವಿರಲಿ, ಮೈಸೂರಿನ ಕುವೆಂಪುನಗರವಿರಲಿ, ಹುಬ್ಬಳ್ಳಿಯ ವಿದ್ಯಾನಗರವಿರಲಿ, ಬೆಳಗಿನ ಆರು ಗಂಟೆಗೆ ಅಡ್ಡರಸ್ತೆಗಳಲ್ಲಿ ಹಾಲು ಮತ್ತು ಪತ್ರಿಕೆ ಹಂಚುವವರಷ್ಟೇ ನಿಯಮಿತವಾಗಿ ಕಾಣಸಿಗುವವರು ನಾಯಿ ಹಿಡಿದು ವಾಕಿಂಗ್ ಹೊರಟವರು. ನಾಯಿ ವಿದ್ಯುತ್ ಕಂಬದ ಬುಡದಲ್ಲಿ ನಿಂತು ಮೂಸುತ್ತದೆ. ಕಚೇರಿಗೆ ಹೊರಡುವ ಆತುರದಲ್ಲಿರುವ ಮಾಲೀಕರು ಬೆಲ್ಟ್ ಎಳೆಯುತ್ತಾರೆ. ನಾಯಿಯನ್ನು ಹೊರಗೆ ಕರೆದೊಯ್ಯುವುದು ಮಲಮೂತ್ರ ವಿಸರ್ಜನೆಗೆ ಮಾತ್ರ ಎಂಬ ಭಾವನೆಯೇ ಈ ಎಳೆದಾಟಕ್ಕೆ ಕಾರಣ.

ಅಂಗಳವಿದ್ದ ಮನೆಗಳ ಕಾಲದಲ್ಲಿ ಈ ಭಾವನೆಯಿಂದ ಹೆಚ್ಚಿನ ತೊಂದರೆ ಇರಲಿಲ್ಲ. ನಾಯಿ ದಿನವಿಡೀ ಗೇಟಿನ ಬಳಿ, ಹಿತ್ತಿಲಿನಲ್ಲಿ ಅಡ್ಡಾಡಿಕೊಂಡಿರುತ್ತಿತ್ತು. ಆದರೆ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಬೆಳೆಯುವ ನಾಯಿಗೆ ದಿನದ ಇಪ್ಪತ್ತಮೂರು ಗಂಟೆ ಗೋಡೆಗಳ ನಡುವೆಯೇ ಕಳೆಯುತ್ತದೆ. ಉಳಿದ ಒಂದು ಗಂಟೆಯೇ ಅದರ ಪಾಲಿನ ಊರು, ನೆಂಟಸ್ತಿಕೆ, ಸಮಾಚಾರ ಎಲ್ಲವೂ. ಆ ಗಂಟೆಯನ್ನು ಹೇಗೆ ಕಳೆಯಬೇಕು ಎಂಬುದು ಆದ್ದರಿಂದಲೇ ಮುಖ್ಯವಾದ ಪ್ರಶ್ನೆ.

ಮೂಗೇ ಅದರ ಕಣ್ಣು

ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಗ್ರಹಿಸುವ ಕೋಶಗಳು ಸುಮಾರು 50ರಿಂದ 60 ಲಕ್ಷ ಇದ್ದರೆ, ನಾಯಿಯಲ್ಲಿ ತಳಿಗೆ ಅನುಗುಣವಾಗಿ ಅವು 30 ಕೋಟಿಯವರೆಗೂ ಇರುತ್ತವೆ ಎಂಬುದು ವಿಜ್ಞಾನಿಗಳ ಅಂದಾಜು. ಅದರ ಮೂಗಿನ ರಚನೆಯೂ ವಿಶಿಷ್ಟ. ಒಳಗೆ ಎಳೆದುಕೊಳ್ಳುವ ಗಾಳಿ ಮುಂಭಾಗದಿಂದ ಹೋಗುತ್ತದೆ, ಹೊರಬಿಡುವ ಗಾಳಿ ಹೊಳ್ಳೆಗಳ ಪಕ್ಕದ ಸೀಳುಗಳಿಂದ ಹೊರಬರುತ್ತದೆ. ಹೀಗಾಗಿ ಮೂಸುತ್ತಿರುವ ವಾಸನೆ ಚದುರಿ ಹೋಗುವುದಿಲ್ಲ. ನಾಯಿಯ ಕಣ್ಣಿಗೆ ಮುಖ್ಯವಾಗಿ ಗೋಚರಿಸುವುದು ನೀಲಿ ಮತ್ತು ಹಳದಿ ಬಣ್ಣಗಳು ಮಾತ್ರ. ಜಗತ್ತಿನ ಉಳಿದ ವಿವರಗಳನ್ನು ಬಹುಮಟ್ಟಿಗೆ ಮೂಗೇ ತಿಳಿಸಬೇಕು.

ಒಂದು ಕಂಬದ ಬುಡದಲ್ಲಿ ಉಳಿದ ಮೂತ್ರದ ವಾಸನೆಯಿಂದ, ಅಲ್ಲಿಗೆ ಬಂದು ಹೋದದ್ದು ಪರಿಚಿತ ನಾಯಿಯೋ ಹೊಸದೋ, ಗಂಡೋ ಹೆಣ್ಣೋ, ಬೆದೆಗೆ ಬಂದಿದೆಯೋ ಇಲ್ಲವೋ ಎಂಬುದನ್ನು ನಾಯಿ ತಿಳಿಯಬಲ್ಲದು. ಅಂದರೆ ಕಂಬವೆಂಬುದು ಬಡಾವಣೆಯ ನಾಯಿಗಳಿಗೆ ಸೂಚನಾ ಫಲಕವಿದ್ದಂತೆ. ಅಲ್ಲಿಂದ ಎಳೆದೊಯ್ಯುವುದೆಂದರೆ ಪತ್ರಿಕೆ ಓದುತ್ತಿರುವವರ ಕೈಯಿಂದ ಅದನ್ನು ಕಿತ್ತುಕೊಂಡಂತೆಯೇ ಸರಿ.

ಈ ವಿಷಯದಲ್ಲಿ ಷಾರ್ಲೆಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಸಂಶೋಧಕಿಯರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಗಮನಾರ್ಹ. ಕೆಲವು ಸಾಕುನಾಯಿಗಳಿಗೆ ವಾಸನೆ ಹಿಡಿದು ತಿಂಡಿ ಹುಡುಕುವ ಅಭ್ಯಾಸವನ್ನೂ, ಉಳಿದವಕ್ಕೆ ಮಾಲೀಕರ ಪಕ್ಕದಲ್ಲೇ ಶಿಸ್ತಾಗಿ ನಡೆಯುವ ಅಭ್ಯಾಸವನ್ನೂ ಎರಡು ವಾರ ಮಾಡಿಸಲಾಯಿತು. ನಂತರ, ತಿಂಡಿ ಇದೆಯೋ ಇಲ್ಲವೋ ಖಚಿತವಿಲ್ಲದ ಬಟ್ಟಲನ್ನು ಮುಂದಿಟ್ಟಾಗ, ಮೂಸುವ ಅವಕಾಶ ಪಡೆದ ನಾಯಿಗಳು ಮೊದಲಿಗಿಂತ ಬೇಗನೆ ಅದರತ್ತ ಸಾಗಿದವು. ಇನ್ನೊಂದು ಗುಂಪಿನಲ್ಲಿ ಆ ಬದಲಾವಣೆ ಕಾಣಲಿಲ್ಲ. ಮೂಸುವಿಕೆ ನಾಯಿಯ ಮನಸ್ಸನ್ನು ಆಶಾದಾಯಕವಾಗಿಸುತ್ತದೆ ಎಂಬುದು ಇದರ ಇಂಗಿತ.

ಬೆಲ್ಟ್ ಹಿಡಿದವರಿಗೇನು ಲಾಭ?

ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಪ್ರಮಾಣದ ವ್ಯಾಯಾಮ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಈ ಗುರಿ ಮುಟ್ಟುವ ಸಾಧ್ಯತೆ ನಾಯಿ ಸಾಕಿದವರಲ್ಲಿ ಸಾಕದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು. ಕಾರಣ ಸರಳ. ವ್ಯಾಯಾಮ ಶಾಲೆಗೆ ಚಕ್ಕರ್ ಹೊಡೆಯಬಹುದು, ಬಾಗಿಲ ಬಳಿ ನಿಂತು ಬಾಲ ಅಲ್ಲಾಡಿಸುವ ಪ್ರಾಣಿಗೆ 'ಇವತ್ತು ಬೇಡ' ಎನ್ನುವುದು ಕಷ್ಟ.

ಎರಡನೆಯ ಲಾಭ ನೆರೆಹೊರೆಯದು. ಆಸ್ಟ್ರೇಲಿಯಾದ ಪರ್ತ್ ಹಾಗೂ ಅಮೆರಿಕದ ಮೂರು ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಲಾದ ಸಮೀಕ್ಷೆಯೊಂದು, ಪ್ರಾಣಿ ಸಾಕಿದವರಿಗೆ ತಮ್ಮ ಬಡಾವಣೆಯ ಜನರ ಪರಿಚಯವಾಗುವ ಸಾಧ್ಯತೆ ಹೆಚ್ಚು ಎಂದು ತೋರಿಸಿತು. ನಮ್ಮ ನಗರಗಳ ಅನುಭವವೂ ಭಿನ್ನವಲ್ಲ. ವರ್ಷಗಟ್ಟಲೆ ಒಂದೇ ರಸ್ತೆಯಲ್ಲಿದ್ದೂ ಹೆಸರು ತಿಳಿಯದವರು 'ಬ್ರೌನಿ ಮನೆಯವರು', 'ಟಾಮಿ ಅಂಕಲ್' ಎಂದು ಪರಸ್ಪರ ಗುರುತಿಸುತ್ತಾರೆ. ಮಕ್ಕಳು ಪರ ಊರುಗಳಲ್ಲಿ ನೆಲೆಸಿ ಒಂಟಿಯಾಗಿ ಉಳಿದ ನಿವೃತ್ತರಿಗೆ ದಿನದಲ್ಲಿ ಎರಡು ಬಾರಿ ಹೊರಬೀಳಲು, ನಾಲ್ವರೊಡನೆ ಮಾತನಾಡಲು ಇದೊಂದು ನೆಪವಾಗುತ್ತದೆ.

ತಳಿಯಂತೆ ನಡಿಗೆ

ಎಲ್ಲ ನಾಯಿಗಳಿಗೂ ಒಂದೇ ಅಳತೆ ಸಲ್ಲದು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯ ಅಂಚೆಚೀಟಿಯ ಮೇಲೆ ಸ್ಥಾನ ಪಡೆದ, ಬಾಗಲಕೋಟೆ ಜಿಲ್ಲೆಯ ಹೆಮ್ಮೆಯಾದ ಮುಧೋಳ ನಾಯಿ ಬೇಟೆಗಾಗಿ ಬೆಳೆದ ತಳಿ. ಬೀದಿಯ ತುದಿಯವರೆಗಿನ ಹತ್ತು ನಿಮಿಷಗಳ ಸುತ್ತಾಟ ಅದಕ್ಕೆ ಸಾಲದು, ಸುರಕ್ಷಿತ ಬಯಲಿನಲ್ಲಿ ಓಟವೂ ಬೇಕು. ಇದಕ್ಕೆ ವ್ಯತಿರಿಕ್ತವಾದುದು 2003ರ ಮೊಬೈಲ್ ಜಾಹೀರಾತಿನಿಂದ ಮನೆಮಾತಾದ ಪಗ್. ಚಪ್ಪಟೆ ಮೂತಿಯ ಈ ತಳಿಗೆ ಉಸಿರಾಟವೇ ಪ್ರಯಾಸ. ಬಿಸಿಲಿನಲ್ಲಿ ನಡೆಸಿದರೆ ಪ್ರಾಣಾಪಾಯವೂ ಸಂಭವಿಸಬಹುದು.

ನಾಯಿಗೆ ಮನುಷ್ಯರಂತೆ ಮೈಯೆಲ್ಲ ಬೆವರುವುದಿಲ್ಲ. ಮುಖ್ಯವಾಗಿ ತೇಕುತ್ತಲೇ ಅದು ದೇಹದ ಶಾಖವನ್ನು ಹೊರಹಾಕಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಸಂಜೆ ಕವಿದ ಮೇಲೂ ಡಾಂಬರು ಕಾದೇ ಇರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಪಾದವೂ ಅಲ್ಲಿ ಸುಡುತ್ತದೆ ಎಂದೇ ಅರ್ಥ. ಮಳೆಗಾಲದಲ್ಲಿ ನಿಂತ ನೀರಿನಿಂದ ಇಲಿಜ್ವರ ತಗಲುವ ಭಯವಿರುವುದರಿಂದ ಗುಂಡಿಯ ನೀರು ನೆಕ್ಕಲು ಬಿಡಬಾರದು. ಹುಲ್ಲಿನ ಮೇಲೆ ಅಡ್ಡಾಡಿ ಬಂದ ಬಳಿಕ ಕಿವಿಯ ಒಳಬದಿ ಮತ್ತು ಕಾಲ್ಬೆರಳುಗಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ನೋಡುವುದು ಅಗತ್ಯ. ಮಾರಕವಾಗಬಲ್ಲ ಜ್ವರಗಳನ್ನು ಹರಡುವ ಪರೋಪಜೀವಿಯಿದು.

ನೆರೆಯವರ ಹಕ್ಕು

ರಸ್ತೆ ಎಲ್ಲರದು. ನಾಯಿ ಕಂಡರೆ ಬೆದರುವ ಮಕ್ಕಳು, ಕೋಲೂರಿ ನಡೆಯುವ ವೃದ್ಧರಿಗೂ ಅಲ್ಲಿ ನೆಮ್ಮದಿಯಿಂದ ಓಡಾಡುವ ಹಕ್ಕಿದೆ. ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆಯಾದರೂ, ಸಾರ್ವಜನಿಕ ಸ್ಥಳದಲ್ಲಿ ಬೆಲ್ಟ್ ಹಾಕುವಂತೆಯೂ ಮಲವನ್ನು ಎತ್ತಿ ವಿಲೇವಾರಿ ಮಾಡುವಂತೆಯೂ ಮಾಲೀಕರಿಗೆ ಅದೇ ಮಾರ್ಗಸೂಚಿ ತಿಳಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದೆ ನಿರ್ಲಕ್ಷಿಸಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಐದು ಸಾವಿರ ರೂಪಾಯಿಯವರೆಗೆ ದಂಡ ಇಲ್ಲವೇ ಎರಡೂ ವಿಧಿಸಬಹುದು. ಬಡಾವಣೆಗಳಲ್ಲಿ ನಾಯಿ ಕುರಿತ ಜಗಳಗಳಲ್ಲಿ ಎಷ್ಟೋ ಆರಂಭವಾಗುವುದು ಪಕ್ಕದ ಮನೆಯ ಗೇಟಿನ ಮುಂದೆ ಬಿಟ್ಟುಹೋದ ಮಲದಿಂದಲೇ. ಜೇಬಿನಲ್ಲೊಂದು ಹಳೆಯ ಪತ್ರಿಕೆಯ ಹಾಳೆ ಇದ್ದರೆ ಅಂಥ ಜಗಳ ಹುಟ್ಟುವುದೇ ಇಲ್ಲ.

ಬೀದಿನಾಯಿಗಳು ಎದುರಾದಾಗ ಓಡುವುದಾಗಲಿ ಕಲ್ಲೆತ್ತುವುದಾಗಲಿ ಸಲ್ಲದು. ಬೆಲ್ಟನ್ನು ಗಿಡ್ಡವಾಗಿ ಹಿಡಿದು, ನಿಧಾನವಾಗಿ ರಸ್ತೆಯ ಇನ್ನೊಂದು ಬದಿಗೆ ಸರಿಯುವುದು ಲೇಸು. ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿದ್ದರೆ ಆ ಬೀದಿನಾಯಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಆಗಿದೆ ಎಂದರ್ಥ. ಸಾಕುನಾಯಿಗೆ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ರೇಬೀಸ್ ಲಸಿಕೆ ಹಾಕಿಸಿರಲೇಬೇಕು. ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಕೂಡಲೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸಿನಿಂದ ಬದುಕುಳಿಯುವುದು ಅಪರೂಪದಲ್ಲಿ ಅಪರೂಪ.

ಇಷ್ಟೆಲ್ಲ ಎಚ್ಚರಿಕೆಗಳ ನಡುವೆಯೂ ಈ ನಡಿಗೆಯ ಸುಖ ಕಡಿಮೆಯದಲ್ಲ. ಅದಕ್ಕೆ ಹಣ ಬೇಡ, ತಯಾರಿ ಬೇಡ. ದಿನದ ನಡಿಗೆಯಲ್ಲಿ ಹತ್ತು ನಿಮಿಷವನ್ನಾದರೂ ಪೂರ್ತಿಯಾಗಿ ನಾಯಿಯ ಇಷ್ಟಕ್ಕೆ ಬಿಟ್ಟು, ಮೊಬೈಲನ್ನು ಜೇಬಿನಲ್ಲಿಟ್ಟು, ಅದು ನಿಂತಲ್ಲಿ ನಿಲ್ಲುವುದಷ್ಟೇ ಬೇಕಾದದ್ದು. ನಾಯಿಯ ಆಯುಷ್ಯ ಹೆಚ್ಚೆಂದರೆ ಹತ್ತು ಹದಿನೈದು ವರ್ಷ. ಮುಪ್ಪಿನಲ್ಲಿ ಕಾಲು ಸೋತು, ಕಣ್ಣು ಮಂಜಾಗಿ, ಮೂರು ಮನೆ ದಾಟುವುದೇ ದೂರದ ಪಯಣವಾದಾಗಲೂ ಬೆಲ್ಟಿನ ಸದ್ದು ಕೇಳಿದೊಡನೆ ಅದು ಬಾಗಿಲತ್ತ ತಲೆ ಎತ್ತುತ್ತದೆ. ಆಗ ಅವಸರ ಮಾಡಬಾರದೆಂದು ಎಲ್ಲರಿಗೂ ತಾನಾಗಿ ಹೊಳೆಯುತ್ತದೆ. ಅದು ಗಟ್ಟಿಮುಟ್ಟಾಗಿರುವಾಗಲೇ ಹೊಳೆದರೆ ಇಬ್ಬರಿಗೂ ಲಾಭ.